ಫ್ಯಾನ್ ಕ್ಲಚ್: ರಿಪೇರಿ, ಗುಜರಿ, ಕಾಪಿ, ಒರಿಜಿನಲ್ ನಾಲ್ಕೂ ಹಾಕಿ ನೋಡಿದೆ

ಕಲಬುರಗಿಯಲ್ಲಿ ಶರಣಬಸವೇಶ್ವರರ ಜಾತ್ರೆ (ನಾವು ಅಪ್ಪನ ಜಾತ್ರೆ ಅನ್ನೋದು) ದಿನ ಗುಡಿ ಹತ್ತಿರ ಗಾಡಿ ಇಂಚಿಂಚೇ ಸರಿಯುತ್ತಿತ್ತು. ಎಸಿ ಬಿಸಿ ಗಾಳಿ ಬಿಡೋಕೆ ಶುರು ಮಾಡಿತು. ಟೆಂಪರೇಚರ್ ಮುಳ್ಳು ಅರ್ಧ ದಾಟಿ ಮೇಲೇರಿತು. ರಿಂಗ್ ರೋಡಿಗೆ ಬಂದು 60ರಲ್ಲಿ ಓಡಿಸಿದರೆ ತಾನೇ ಇಳಿಯಿತು. ಓಡುವಾಗ ಎದುರು ಗಾಳಿ ಇರುತ್ತದೆ, ನಿಂತಾಗ ರೇಡಿಯೇಟರ್‌ಗೆ ಫ್ಯಾನೇ ಗತಿ. ಆ ಫ್ಯಾನನ್ನು ಬೇಕಾದಾಗ ಇಂಜಿನ್ ಜೊತೆ ಹಿಡಿದು ಜೋರಾಗಿ ತಿರುಗಿಸೋದು ಫ್ಯಾನ್ ಕ್ಲಚ್.

ನನ್ನದು ಬಾಡಿಗೆಗೆ ಓಡುವ ಏಳು ಸೀಟಿನ ಹಳೆ ಡೀಸೆಲ್ ಗಾಡಿ. ಇಂಜಿನ್ ಆಫ್ ಮಾಡಿ, ಬಿಸಿ ಇರುವಾಗಲೇ ಕೈಯಿಂದ ಫ್ಯಾನ್ ತಿರುಗಿಸಿದೆ. ಗಿರಗಿಟ್ಲೆ ಥರ ಸುತ್ತಿತು. ಬಿಸಿಯಲ್ಲಿ ಅದು ಬಿಗಿ ಹಿಡಿಯಬೇಕು, ಅಲ್ವಾ? ಹಬ್ ಸುತ್ತ ಎಣ್ಣೆ ಜಿನುಗಿ ಅದರ ಮೇಲೆ ಧೂಳು ಕಪ್ಪಗೆ ಅಂಟಿತ್ತು. ಈ ಕ್ಲಚ್‌ ಒಳಗಿನ ಗಟ್ಟಿ ಸಿಲಿಕಾನ್ ಎಣ್ಣೆಯೇ ಫ್ಯಾನನ್ನು ಎಳೆಯೋದು. ಮುಂಭಾಗದಲ್ಲಿ ಒಂದು ಸುರುಳಿ ಪಟ್ಟಿ ಇರುತ್ತದೆ. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದರೆ ಅದು ತಿರುಚಿಕೊಂಡು ಒಳಗಿನ ಕಿಂಡಿ ತೆರೆಯುತ್ತದೆ, ಎಣ್ಣೆ ಹರಿಯುತ್ತದೆ, ಫ್ಯಾನ್ ಜೋರಾಗುತ್ತದೆ.

"ಅಣ್ಣಾರ, ಹೊಸಾದು ಯಾಕ್ ಬೇಕ್ರಿ? ಎಣ್ಣಿ ತುಂಬಿದ್ರ ಆಯ್ತ್ ನೋಡ್ರಿ" ಅಂದ ಮಿಸ್ತ್ರಿ. ತುಂಬಿಸಿದೆವು. ನಾಲ್ಕರಲ್ಲಿ ಅಗ್ಗದ ದಾರಿ ಇದೇ, ಮೊದಲ ವಾರ ಫಸ್ಟ್ ಕ್ಲಾಸ್. ಆದರೆ ಹಳೇ ಸೀಲ್ ಹಳೇದೇ ಅಲ್ವಾ? ತಿಂಗಳೊಳಗೆ ಮತ್ತೆ ಜಿನುಗಿತು. ಬೇರಿಂಗ್ ಗಟ್ಟಿ ಇದ್ದು, ಸೋರಿಕೆ ಇಲ್ಲದೆ ಬರೀ ಹಿಡಿತ ಕಡಿಮೆಯಾಗಿದ್ದರೆ ಈ ದಾರಿ ನೋಡಬಹುದು. ಇಂಜಿನ್ ಆಯಿಲ್ ಮಾತ್ರ ಹಾಕಿಸಬೇಡಿ. ಅದು ಬಿಸಿಗೆ ತೆಳ್ಳಗಾಗಿಬಿಡುತ್ತದೆ.

ಗುಜರಿ ಕ್ಲಚ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅಂಗಡಿಯವನು ರಾಶಿಯಲ್ಲಿ ಬೋರಲು ಬಿದ್ದಿದ್ದನ್ನು ಎತ್ತಿ ಕೊಟ್ಟ. ಇದನ್ನು ಗಾಡಿಯಲ್ಲಿ ಇರುವಂತೆಯೇ ನೆಟ್ಟಗೆ ನಿಲ್ಲಿಸಿಡಬೇಕು, ಇಲ್ಲದಿದ್ದರೆ ಎಣ್ಣೆ ಸೋರುತ್ತದೆ ಅನ್ನೋದು ಆಮೇಲೆ ತಿಳಿಯಿತು. ಎರಡೇ ದಿನಕ್ಕೆ ಬಿಚ್ಚಿದೆ.

ಕಾಪಿ ಮಾಲು ಬೆಲೆಯಲ್ಲಿ ಒರಿಜಿನಲ್‌ಗಿಂತ ಅರ್ಧಕ್ಕೂ ಕಡಿಮೆ. ನಿಜ ಹೇಳಬೇಕೆಂದರೆ ಇಂಜಿನ್ ಬಿಸಿಯಾಗಲೇ ಇಲ್ಲ. ತೊಂದರೆ ಬೇರೆ ಕಡೆ. ಒಮ್ಮೆ ಹಿಡಿದ ಮೇಲೆ ಬಿಡೋದೇ ಇಲ್ಲ! ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ನಿಮಿಷ ಸದ್ದು ಬರೋದು ಸಹಜ, ರಾತ್ರಿ ಒಳಗೆ ಕೂತ ಎಣ್ಣೆ ಹಿಂದಕ್ಕೆ ಹೋಗಬೇಕಲ್ಲ. ಇದು ಮಾತ್ರ ಹುಮನಾಬಾದ್‌ವರೆಗೂ ನೆಹರು ಗಂಜಿನ ದಾಲ್ ಮಿಲ್ ಥರ ಗುಂಯ್‌ಗುಟ್ಟಿತು. ಹಿಂದೆ ಕೂತವರು "ಗಾಡಿ ಯಾಕ್ರಿ ಹಿಂಗ್ ಅಳ್ತದ?" ಅಂದರು. 12 ಕೊಡುತ್ತಿದ್ದ ಮೈಲೇಜು 11ಕ್ಕೆ ಇಳಿಯಿತು. ಬಾಡಿಗೆ ಗಾಡಿಗೆ ಇದು ದಿನಾ ಜೇಬಿಗೆ ಬೀಳೋ ಕತ್ತರಿ.

ಕೊನೆಗೆ ಒರಿಜಿನಲ್. ಹಾಕುವಾಗ ನಾನೂ ಪಕ್ಕದಲ್ಲೇ ನಿಂತಿದ್ದೆ. ನಮ್ಮ ಗಾಡಿಯಲ್ಲಿ ಅದು ವಾಟರ್ ಪಂಪ್ ಪುಲ್ಲಿಗೆ ನಾಲ್ಕು ನಟ್‌ನಲ್ಲಿ ಕೂರುತ್ತದೆ. ಬೆಲ್ಟ್ ಬಿಗಿ ಇರುವಾಗಲೇ ನಟ್ ಸಡಿಲಿಸಬೇಕು, ಬೆಲ್ಟ್ ತೆಗೆದರೆ ಪುಲ್ಲಿ ಸುಮ್ನೆ ಸುತ್ತುತ್ತದೆ. ಫ್ಯಾನ್ ಎತ್ತುವ ಮೊದಲು ಮಿಸ್ತ್ರಿ ಫ್ಯಾನಿಗೂ ರೇಡಿಯೇಟರಿಗೂ ನಡುವೆ ಒಂದು ರಟ್ಟು ತುರುಕಿದ. ರೆಕ್ಕೆ ತಗುಲಿದರೆ ತಗಡು ಮಡಚುತ್ತದಂತೆ. ಕೆಲವು ಗಾಡಿಗಳಲ್ಲಿ ನಡುವೆ ಒಂದೇ ದೊಡ್ಡ ನಟ್, ಅದೂ ಉಲ್ಟಾ ಥ್ರೆಡ್ ಇರಬಹುದು. ತಿಳಿಯದೆ ಬಲ ಹಾಕಬೇಡಿ. ಪಂಪ್ ಹಿಡಿದು ಅಲ್ಲಾಡಿಸಿಯೂ ನೋಡಿದೆವು. ಅದರ ಬೇರಿಂಗ್ ಆಡುತ್ತಿದ್ದರೆ ಹೊಸ ಕ್ಲಚ್ ಕೂಡ ಬಾಳೋದಿಲ್ಲ.

ಏಪ್ರಿಲ್‌ನಲ್ಲಿ ಪರೀಕ್ಷೆ. ಮಧ್ಯಾಹ್ನ ಎರಡು ಗಂಟೆ, ಸೂಪರ್ ಮಾರ್ಕೆಟ್ ಹತ್ತಿರ ಎಸಿ ಹಾಕಿಕೊಂಡು ಕಾಲು ಗಂಟೆ ನಿಂತೆ. ಮೊದಲು ಸದ್ದೇ ಇಲ್ಲ. ಆಮೇಲೆ ಬುಸ್ ಅಂತ ಫ್ಯಾನ್ ಎದ್ದಿತು. ಮುಳ್ಳು ಅರ್ಧದಿಂದ ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಫ್ಯಾನ್ ಸದ್ದು ಮತ್ತೆ ತಣ್ಣಗಾಯಿತು. ಮೈಲೇಜು 12ಕ್ಕೆ ವಾಪಸ್ ಬಂತು. ನಮ್ಮ ಕಲಬುರಗಿ ಬಿಸಿಲಿಗೆ ನಾನಂತೂ ಇದನ್ನೇ ಹಾಕಿಸೋದು. ವರ್ಷಕ್ಕೆ ನಾಲ್ಕು ಸಲ ಊರಿಗೆ ಹೋಗೋ ಗಾಡಿಗೆ ಕಾಪಿ ಸಾಕು, ಸದ್ದು ತಡೆದುಕೊಳ್ಳುವುದಾದರೆ.

ನನ್ನ ಕಾಪಿಯನ್ನು ಬಿಸಾಡಿಲ್ಲ. ಗೋಣಿಚೀಲದಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟಿದ್ದೇನೆ, ನೆಟ್ಟಗೆ ನಿಲ್ಲಿಸಿ.