ಎಫ್‌ಎಎಸ್‌ಡಿ ತಪಾಸಣೆಗೆ ಇ-ಸಂಜೀವಿನಿ: ಮಲೆನಾಡಿನಲ್ಲಿ ಎಷ್ಟು ಉಪಯೋಗ?

ಗರ್ಭಿಣಿ ಮದ್ಯ ಸೇವಿಸಿದರೆ ಮಗುವಿನ ಮಿದುಳಿಗೆ ಆಗುವ ಹಾನಿಯನ್ನು ವೈದ್ಯರು ಎಫ್‌ಎಎಸ್‌ಡಿ ಎನ್ನುತ್ತಾರೆ. ಆಗುಂಬೆ, ಹೊಸನಗರ ತಾಲ್ಲೂಕಿನ ನಗರದ ಕಡೆಯಿಂದ ಮಗುವನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆತಂದರೆ ಅವತ್ತಿನ ಕೂಲಿ ಹೋದಂತೆಯೇ. ವಿಡಿಯೊ ಮೂಲಕ ವೈದ್ಯರ ಸಲಹೆ ಕೊಡಿಸುವ, 2019ರಲ್ಲಿ ಶುರುವಾದ ಸರ್ಕಾರಿ ಸೇವೆ ಇ-ಸಂಜೀವಿನಿ ಈ ಓಡಾಟವನ್ನು ಅರ್ಧ ತಪ್ಪಿಸುತ್ತದೆ. ದುಡ್ಡು ಕೊಡಬೇಕಿಲ್ಲ. ಊರಿನ ಆರೋಗ್ಯ ಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಮಗುವಿನ ಪಕ್ಕದಲ್ಲೇ ಕೂತು ವೈದ್ಯರೊಡನೆ ಮಾತಾಡಿಸುತ್ತಾರೆ ಎಂಬುದೇ ಇದರ ದೊಡ್ಡ ಬಲ.

ಆದರೆ ವಿಡಿಯೊದಲ್ಲಿ ಮುಖ ನೋಡಿ ತೀರ್ಮಾನಿಸುವುದು ಬೇಡ. ಕಿರಿದಾದ ಕಣ್ಣಿನ ಸೀಳು, ಮೂಗಿನ ಕೆಳಗೆ ಗುಳಿಯಿಲ್ಲದ ನುಣುಪು, ತೆಳ್ಳನೆಯ ಮೇಲ್ದುಟಿ, ಇವು ಮೂರು ಗುರುತುಗಳು. ಮಳೆಗಾಲದಲ್ಲಿ ನೆಟ್‌ವರ್ಕ್ ಕುಗ್ಗಿ ಚಿತ್ರ ಮಸುಕಾದರೆ ಯಾವ ಮಗುವಿನ ಗುಳಿಯೂ ಕಾಣುವುದಿಲ್ಲ. ಅದಕ್ಕೇ ಫೋಟೊ ಮೊದಲೇ ತೆಗೆದಿಡಬೇಕು: ಬಾಗಿಲ ಬೆಳಕಿಗೆ ಕೂರಿಸಿ, ಹುಬ್ಬುಗಳ ನಡುವೆ ಅಳತೆ ಗೊತ್ತಿರುವ ಸ್ಟಿಕ್ಕರ್ ಅಂಟಿಸಿ, ಎದುರಿನಿಂದ, ಓರೆಯಿಂದ, ಪಕ್ಕದಿಂದ ಒಂದೊಂದು. ಕಣ್ಣು ಪೂರ್ತಿ ತೆರೆದಿರಲಿ, ತುಟಿ ಸಡಿಲವಾಗಿ ಮುಚ್ಚಿರಲಿ. ಮಗು ನಕ್ಕರೆ ತುಟಿ ತೆಳುವಾಗುತ್ತದೆ, ಆ ಫೋಟೊ ಕೆಲಸಕ್ಕೆ ಬಾರದು. ಕಣ್ಣಿನ ಅಳತೆ ಒಂದು ಮಿಲಿಮೀಟರ್ ತಪ್ಪಿದರೂ ಫಲಿತಾಂಶ ಬದಲಾಗಬಹುದು. ವಾಟ್ಸ್‌ಆ್ಯಪ್ ಗುಂಪಿಗಂತೂ ಹಾಕಲೇಬೇಡಿ. ಅದು ಮಗುವಿನ ಮುಖ, ತಾಯಿಯ ಮಾನ.

ತಲೆಯ ಸುತ್ತಳತೆಗೆ ಜಡೆ ಬಿಚ್ಚಿಸಿ, ಹಿಗ್ಗದ ಟೇಪಿನಲ್ಲಿ ಮೂರು ಸಲ ಅಳೆದು ದೊಡ್ಡ ಅಂಕಿ ಬರೆಯಿರಿ.

ಮುಖ ಸಹಜವಾಗಿದ್ದರೂ ಕಾಯಿಲೆ ಇಲ್ಲವೆಂದಲ್ಲ. ಹೆಚ್ಚಿನ ಮಕ್ಕಳಲ್ಲಿ ಈ ಮೂರೂ ಗುರುತು ಇರುವುದೇ ಇಲ್ಲ. ಆಗ ತಾಯಿಯ ಮಾತೇ ಆಧಾರ. ಗಂಡ, ಅತ್ತೆ ಎದುರಿಗಿದ್ದರೆ ಅವಳು ಬಾಯಿಬಿಡುವುದಿಲ್ಲ. ಹೊರಗೆ ಕಳಿಸಿ, ‘ಮುಟ್ಟು ನಿಂತಿದ್ದು ಗೊತ್ತಾಗೋ ಮುಂಚೆ ಏನಾದ್ರೂ ತಗೋತಿದ್ರಾ?’ ಎಂದು ಮೆತ್ತಗೆ ಕೇಳಬೇಕು. ಬಾಣಂತನದಲ್ಲಿ ಕೊಟ್ಟ ಬ್ರಾಂದಿಯನ್ನು ಈ ಲೆಕ್ಕಕ್ಕೆ ಸೇರಿಸಬಾರದು. ಬಸಿರಿನಲ್ಲಿ ತಾಯಿ ಫಿಟ್ಸ್ ಮಾತ್ರೆ ನುಂಗಿದ್ದರೆ ಅದನ್ನೂ ಬರೆದುಕೊಳ್ಳಿ, ಕೆಲವು ಮಾತ್ರೆಗಳಿಂದಲೂ ಮುಖ ಹೀಗಾಗುತ್ತದೆ.

ಬುದ್ಧಿಶಕ್ತಿ ಪರೀಕ್ಷೆ, ಕಿವಿ ಪರೀಕ್ಷೆ ಪರದೆಯ ಮೇಲೆ ಆಗುವ ಕೆಲಸವಲ್ಲ. ಅದಕ್ಕೆ ಶಿವಮೊಗ್ಗಕ್ಕೆ ಬರಲೇಬೇಕು. ಕೆನಡಾದ 2016ರ ಮಾರ್ಗಸೂಚಿ ಮಿದುಳಿನ ಕೆಲಸವನ್ನು ಹತ್ತು ಭಾಗ ಮಾಡಿ, ಕನಿಷ್ಠ ಮೂರರಲ್ಲಿ ತೀವ್ರ ಕೊರತೆ ಇರಬೇಕು ಎನ್ನುತ್ತದೆ. ಹದಿನೈದು ನಿಮಿಷದ ವಿಡಿಯೊದಲ್ಲಿ ಅದನ್ನು ಹೇಳಲು ಯಾರಿಂದಲೂ ಆಗದು. ಆಮೇಲಿನ ಸಲಹೆಗೆ ಮಾತ್ರ ವಿಡಿಯೊಗೆ ಪೂರ್ತಿ ಅಂಕ: ಮೇಷ್ಟ್ರನ್ನೂ ಕೂರಿಸಿಕೊಂಡು, ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು ಹೇಗೆಂದು ಮನೆಗೂ ಶಾಲೆಗೂ ಒಟ್ಟಿಗೇ ಕಲಿಸಬಹುದು.