ಒಂಟಿಯಾಗಿ ಬಂದವಳಿಗೆ ಕೋಣೆ: ಮುಂಬೈಯ ವೈ.ಡಬ್ಲ್ಯೂ.ಸಿ.ಎ. ಅತಿಥಿಗೃಹ

ಹತ್ತು ವರ್ಷಗಳ ಹಿಂದೆ ಒಂದು ಊರಿನ ಲಾಡ್ಜಿನಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಕೋಣೆ ಕೇಳಿದಾಗ, ಅಲ್ಲಿದ್ದವರು ಬರೆಯಲು ಕೊಟ್ಟಿದ್ದ ರಿಜಿಸ್ಟರನ್ನು ಹಿಂದಕ್ಕೆ ಎಳೆದುಕೊಂಡು, "ಜೊತೆಗೆ ಯಾರೂ ಇಲ್ಲವೇ?" ಎಂದು ಕೇಳಿ, ಕೋಣೆ ಖಾಲಿಯಿಲ್ಲವೆಂದು ಕಳುಹಿಸಿಬಿಟ್ಟಿದ್ದರು. ಆ ರಾತ್ರಿಯನ್ನು ಬಸ್ ನಿಲ್ದಾಣದಲ್ಲಿ ಕಳೆದ ನನಗೆ, ಊರು ಬಿಟ್ಟು ಹೊರಟಾಗಲೆಲ್ಲ ಮೊದಲ ಚಿಂತೆ ವಸತಿಯದೇ. ಆದ್ದರಿಂದಲೇ ಕಳೆದ ಮಳೆಗಾಲದಲ್ಲಿ ಕೆಲಸದ ಮೇಲೆ ಮುಂಬೈಗೆ ಹೋದಾಗ ಫೋರ್ಟ್ ಭಾಗದ ಮೇಡಂ ಕಾಮಾ ರಸ್ತೆಯಲ್ಲಿರುವ ವೈ.ಡಬ್ಲ್ಯೂ.ಸಿ.ಎ. (ಯಂಗ್ ವಿಮೆನ್ಸ್ ಕ್ರಿಶ್ಚಿಯನ್ ಅಸೋಸಿಯೇಷನ್, ಅಂದರೆ ಯುವತಿಯರ ಕ್ರೈಸ್ತ ಸಂಘ) ಇಂಟರ್‌ನ್ಯಾಷನಲ್ ಸೆಂಟರಿನಲ್ಲಿ ಮೂರು ರಾತ್ರಿ ಉಳಿದ ಅನುಭವವನ್ನು ವಿವರವಾಗಿ ಬರೆಯಬೇಕೆನಿಸಿದೆ.

ಬಾಡಿಗೆಯ ಜೊತೆಗೆ ಸಣ್ಣದೊಂದು ಸದಸ್ಯತ್ವ ಶುಲ್ಕವನ್ನೂ ಕಟ್ಟಿದೆ. ನಾನು ಯಾರ ಮಗಳು, ಯಾರ ಹೆಂಡತಿ, ಯಾವ ಧರ್ಮದವಳು ಎಂದು ಯಾರೂ ಕೇಳಲಿಲ್ಲ. ಹೆಸರಿನಲ್ಲಿ ಕ್ರೈಸ್ತ ಎಂಬ ಪದವಿದ್ದರೂ ಈ ಸಂಘ ಎಲ್ಲ ಧರ್ಮದ ಮಹಿಳೆಯರಿಗೂ ತೆರೆದಿದೆ. ಈ ಅತಿಥಿಗೃಹದಲ್ಲಂತೂ ಕುಟುಂಬಗಳಿಗೂ ಗಂಡಸರಿಗೂ ಕೋಣೆ ಸಿಗುತ್ತದೆ.

ಇಂಥ ವಸತಿ ಈ ಸಂಘದ ಹುಟ್ಟಿನೊಂದಿಗೇ ಬಂದದ್ದು. 1855ರಲ್ಲಿ, ಕ್ರಿಮಿಯಾ ಯುದ್ಧದ ಕಾಲದಲ್ಲಿ, ರಣರಂಗದ ಆಸ್ಪತ್ರೆಗಳಿಗೆ ಹೋಗಿಬರುತ್ತಿದ್ದ ದಾದಿಯರಿಗೆ ಲಂಡನ್ನಿನಲ್ಲಿ ತಂಗಲು ನೆಲೆಯಿಲ್ಲದ್ದನ್ನು ಕಂಡು ಲೇಡಿ ಮೇರಿ ಜೇನ್ ಕಿನ್ನೇರ್ಡ್ ಅಲ್ಲೊಂದು ವಸತಿಗೃಹ ತೆರೆದರು. ಅದೇ ವರ್ಷ ಎಮ್ಮಾ ರಾಬರ್ಟ್ಸ್ ಎಂಬ ಮಹಿಳೆ ಯುವತಿಯರಿಗಾಗಿ ಪ್ರಾರ್ಥನಾ ಬಳಗವೊಂದನ್ನು ಕಟ್ಟಿದರು. ಇವೆರಡೂ 1877ರಲ್ಲಿ ಒಂದಾದವು. ಒಬ್ಬರದು ಪ್ರಾರ್ಥನೆ, ಇನ್ನೊಬ್ಬರದು ಹಾಸಿಗೆ ಮತ್ತು ಊಟ. ಸಂಘ ಇಷ್ಟು ಕಾಲ ಬಾಳಿ ಬಂದಿರುವುದಕ್ಕೆ ಎರಡನೆಯದೇ ಹೆಚ್ಚಿನ ಕಾರಣವೆಂಬುದು ನನ್ನ ಅಭಿಪ್ರಾಯ. ಹಳ್ಳಿಯಿಂದ ಕೆಲಸ ಹುಡುಕಿಕೊಂಡು ಪಟ್ಟಣಕ್ಕೆ ಬಂದ ಹುಡುಗಿಗೆ ಮೊದಲು ಬೇಕಾಗುವುದು ಬಾಗಿಲಿಗೆ ಒಳಗಿನಿಂದ ಚಿಲಕವಿರುವ ಕೋಣೆ, ಆಮೇಲೆ ಕೈಗೊಂದು ವಿದ್ಯೆ. ನ್ಯೂಯಾರ್ಕಿನ ಶಾಖೆ 1880ರ ದಶಕದ ಆರಂಭದಲ್ಲಿ ಹೆಂಗಸರಿಗೆ ಟೈಪಿಂಗ್ ಕಲಿಸಲು ತೊಡಗಿದಾಗ, ಆ ಶ್ರಮವನ್ನು ಹೆಣ್ಣಿನ ಮೈ ತಾಳದು ಎಂಬ ಮಾತು ಕೇಳಿಬಂದಿತ್ತು. ಆದರೂ ತರಗತಿ ನಡೆಯಿತು, ಮುಂದೆ ಎಷ್ಟೋ ಮಹಿಳೆಯರಿಗೆ ಅದೇ ಅನ್ನದ ದಾರಿಯಾಯಿತು.

ಭಾರತದಲ್ಲಿ ಈ ಸಂಘ ಮೊದಲು ಕಾಲೂರಿದ್ದು 1875ರಲ್ಲಿ, ಇದೇ ಮುಂಬೈಯಲ್ಲಿ. ರಾಷ್ಟ್ರಮಟ್ಟದ ಸಂಘಟನೆ 1896ರಲ್ಲಿ ರೂಪುಗೊಂಡಿತು. ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್, ವೃತ್ತಿ ತರಬೇತಿ, ದುಡಿಯುವ ತಾಯಂದಿರ ಮಕ್ಕಳಿಗೆ ಶಿಶುವಿಹಾರ, ಹೀಗೆ ದೇಶದ ನಾನಾ ಊರುಗಳಲ್ಲಿ ಅದರ ಕೆಲಸ ಸಾಗಿದೆ. ಬೆಂಗಳೂರಿನಲ್ಲೂ ಅದರ ಶಾಖೆಯಿದೆ.

ಇನ್ನು ವಸತಿಯ ವಿಚಾರ. ಕೋಣೆ ಸಾದಾ, ಆದರೆ ಸ್ವಚ್ಛ. ಹಾಸಿಗೆಯ ಹೊದಿಕೆಗೆ ಒಗೆದು ಇಸ್ತ್ರಿ ಮಾಡಿದ ವಾಸನೆಯಿತ್ತು. ಐಷಾರಾಮ ಬಯಸುವವರು ಬೇರೆ ಕಡೆ ನೋಡಿಕೊಳ್ಳುವುದು ಒಳ್ಳೆಯದು. ನಾನು ಉಳಿದಾಗ ಬೆಳಗಿನ ತಿಂಡಿ, ರಾತ್ರಿಯ ಊಟ ಬಾಡಿಗೆಯಲ್ಲೇ ಸೇರಿದ್ದವು. ಗೇಟ್‌ವೇ ಆಫ್ ಇಂಡಿಯಾ, ವಸ್ತುಸಂಗ್ರಹಾಲಯ ಎರಡೂ ನಡೆದು ಹೋಗುವಷ್ಟು ಹತ್ತಿರದಲ್ಲಿವೆ.

ಎರಡನೆಯ ರಾತ್ರಿ ಊಟದ ಮೇಜಿನಲ್ಲಿ ನನ್ನ ಎದುರಿಗೆ ಇಪ್ಪತ್ತೆರಡರ ಆಸುಪಾಸಿನ ಹುಡುಗಿಯೊಬ್ಬಳು ಕುಳಿತಿದ್ದಳು. ಅಂಕಪಟ್ಟಿಗಳನ್ನಿಟ್ಟ ಪ್ಲಾಸ್ಟಿಕ್ ಚೀಲವನ್ನು ಮಳೆಗೆ ನೆನೆಯದಂತೆ ಎರಡು ಬಾರಿ ಸುತ್ತಿ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಮರುದಿನ ಅವಳ ಮೊದಲ ಸಂದರ್ಶನ, ಮನೆಯಿಂದ ಒಬ್ಬಳೇ ಬಂದದ್ದೂ ಅದೇ ಮೊದಲು. ಬೇಳೆಸಾರಿನಲ್ಲಿ ಅನ್ನ ಕಲಸಿಕೊಳ್ಳುತ್ತ ತಾಯಿಗೆ ಫೋನಿನಲ್ಲಿ, "ಇಲ್ಲಿ ಏನೂ ಭಯವಿಲ್ಲಮ್ಮ" ಎಂದು ಹಿಂದಿಯಲ್ಲಿ ಹೇಳಿದಳು.

ಕೋಣೆಯನ್ನು ಮುಂಚಿತವಾಗಿಯೇ ಕಾಯ್ದಿರಿಸಿಕೊಂಡು ಹೋಗಿ. ಅದೇ ಕೆಲಸಕ್ಕೆ ನಾನು ಮತ್ತೊಮ್ಮೆ ಮುಂಬೈಗೆ ಹೋಗಬೇಕಾಗಿದ್ದು, ಈ ಬಾರಿ ರೈಲಿನ ಟಿಕೆಟ್ಟಿಗೂ ಮೊದಲೇ ಅಲ್ಲಿಗೆ ಪತ್ರ ಬರೆದಿದ್ದೇನೆ.