ತಾನೇ ತಿರುಗಿ ಹಿಂಬಾಲಿಸುವ ಕ್ಯಾಮೆರಾದ ಪೇಟೆಂಟ್: ಜಾಲಾಡಲು ನಾಲ್ಕು ಉಚಿತ ತಾಣಗಳು, ಯಾವುದು ಎಷ್ಟಕ್ಕೆ ಸಲ್ಲುತ್ತದೆ

ಮೈದಾನದಲ್ಲಿ ಓಡುವ ಆಟಗಾರನನ್ನು ತಾನಾಗಿಯೇ ಹಿಂಬಾಲಿಸುವ ಕ್ಯಾಮೆರಾಕ್ಕೆ ಅಮೆರಿಕದ ಪೇಟೆಂಟ್ ಕಚೇರಿಯಲ್ಲಿ ಒಂದು ಅರ್ಜಿ ಬಿದ್ದಿದೆ ಎಂದುಕೊಳ್ಳಿ. ಆದ್ಯತಾ ದಿನಾಂಕ, ಅಂದರೆ ಹೊಸತನವನ್ನು ಅಳೆಯುವ ದಿನ, 2014ರದ್ದು. ಮೊದಲ ಕ್ಲೇಮ್‌ನಲ್ಲಿ, ಅಂದರೆ ಅರ್ಜಿದಾರರು ತಮ್ಮದೆಂದು ಹಕ್ಕು ಕೇಳುವ ವಾಕ್ಯದಲ್ಲಿ, ಐದು ಅಂಶಗಳಿವೆ: ಓಡುವವನ ತೋಳಿಗೆ ಕಟ್ಟಿದ ಟ್ಯಾಗ್, ಅದರ ಸಂಕೇತ ಹಿಡಿಯುವ ರಿಸೀವರ್, ಕ್ಯಾಮೆರಾವನ್ನು ಪಕ್ಕಕ್ಕೂ ಮೇಲೆ-ಕೆಳಗೂ ತಿರುಗಿಸುವ ಮೋಟಾರ್ ತಲೆ, ಟ್ಯಾಗ್ ಮುಂದಿನ ಕ್ಷಣ ಎಲ್ಲಿರುತ್ತದೆಂದು ಲೆಕ್ಕ ಹಾಕುವ ಪ್ರೊಸೆಸರ್, ದೂರಕ್ಕೆ ತಕ್ಕಂತೆ ಜೂಮ್ ಬದಲಿಸುವ ವ್ಯವಸ್ಥೆ. ಇದು ನಿಜಕ್ಕೂ ಹೊಸದೇ? ಈ ಒಂದೇ ಪ್ರಶ್ನೆಯನ್ನು ನಾಲ್ಕು ಉಚಿತ ತಾಣಗಳ ಮುಂದಿಟ್ಟರೆ ಪ್ರತಿಯೊಂದರ ಯೋಗ್ಯತೆ ಚೆನ್ನಾಗಿ ಗೊತ್ತಾಗುತ್ತದೆ. ಗೂಗಲ್ ಪೇಟೆಂಟ್ಸ್, ಎಸ್ಪಾಸೆನೆಟ್, ಅಮೆರಿಕದ ಕಚೇರಿಯದೇ ಆದ ಪೇಟೆಂಟ್ ಪಬ್ಲಿಕ್ ಸರ್ಚ್ ಮತ್ತು ಪೇಟೆಂಟ್ ಸೆಂಟರ್, ಇವೇ ಆ ನಾಲ್ಕು.

ತಾಣ ತೆರೆಯುವ ಮೊದಲು ಕ್ಲೇಮ್ ಅನ್ನು ಬಿಡಿಸಿಕೊಳ್ಳಬೇಕು. ಐದು ಅಂಶಗಳಲ್ಲಿ ಯಾವುದು ನಿಜವಾದ ತೂಕ ಹೊತ್ತಿದೆ ಎಂದು ತಿಳಿಯದೆ ಹುಡುಕಿದರೆ ಸಾವಿರಾರು ದಾಖಲೆ ಸಿಗುತ್ತವೆ, ಕೆಲಸಕ್ಕೆ ಬರುವುದು ಒಂದೂ ಇರುವುದಿಲ್ಲ. ಟ್ಯಾಗ್ ಹಿಂಬಾಲಿಸುವ ಕ್ಯಾಮೆರಾ ಹಳೆಯ ಸಂಗತಿ. ಪಾರ್ಕರ್‌ವಿಷನ್ ಸಂಸ್ಥೆಗೆ 1993ರಲ್ಲಿ ಮಂಜೂರಾದ ಅಮೆರಿಕದ 5,268,734 ಸಂಖ್ಯೆಯ ಪೇಟೆಂಟ್‌ನಲ್ಲೇ ವ್ಯಕ್ತಿಯ ಮೈಮೇಲಿನ ಟ್ರಾನ್ಸ್‌ಮಿಟರ್ ಮತ್ತು ಅದರತ್ತ ತಿರುಗುವ ಕ್ಯಾಮೆರಾ ಇವೆ. ಹಾಗಾಗಿ ಮೊದಲ ಮೂರು ಅಂಶಗಳ ಮೇಲೆ ಹೆಚ್ಚು ಹೊತ್ತು ಕಳೆಯಬೇಕಿಲ್ಲ. ಉಳಿಯುವುದು ಮುಂದಿನ ಸ್ಥಾನದ ಊಹೆ ಮತ್ತು ಜೂಮ್.

ಊಹೆಯ ಅಂಶ ಕ್ಲೇಮ್‌ಗೆ ಏಕೆ ಬಂತು ಎಂಬುದನ್ನು ಅಂಕಿಯಲ್ಲೇ ನೋಡಬಹುದು. ಜಿಪಿಎಸ್ ಟ್ಯಾಗ್ ಸೆಕೆಂಡಿಗೊಮ್ಮೆ ಸ್ಥಾನ ಕಳಿಸುತ್ತದೆ, ಆಟಗಾರ ಸೆಕೆಂಡಿಗೆ 8 ಮೀಟರ್ ಓಡುತ್ತಾನೆ, ಕ್ಯಾಮೆರಾ 50 ಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಎರಡು ಸಂಕೇತಗಳ ನಡುವೆ ಅವನು ಸುಮಾರು 9 ಡಿಗ್ರಿ ಸರಿದಿರುತ್ತಾನೆ. ಲೆನ್ಸ್‌ನ ನೋಟದ ಅಗಲವೇ 10 ಡಿಗ್ರಿ ಇದ್ದರೆ, ನಡುವಿನಲ್ಲಿದ್ದವನು ಚೌಕಟ್ಟಿನಿಂದ ಆಚೆ. ಮೋಟಾರ್ ತಿರುಗಲು ಹಿಡಿಯುವ ಹೊತ್ತನ್ನು ಇದಕ್ಕೆ ಸೇರಿಸಿ. ಅಂದರೆ ಈ ಯಂತ್ರ ಕಟ್ಟುವ ಯಾವ ಎಂಜಿನಿಯರನೇ ಆಗಲಿ ಊಹೆಯ ಲೆಕ್ಕಕ್ಕೆ ಬಂದೇ ತೀರುತ್ತಾನೆ, ಅದಕ್ಕೆ ಬೇಕಾದ ಕಾಲ್ಮನ್ ಫಿಲ್ಟರ್ ಎಂಬ ಗಣಿತದ ವಿಧಾನ 1960ರಿಂದಲೂ ಇದೆ. ಎರಡು ಹಳೆಯ ದಾಖಲೆ ಜೋಡಿಸಿದರೆ ಈ ಕ್ಲೇಮ್ ಸಿಗುತ್ತದೆ ಎಂದು ತೋರಿಸಿದಾಗ, ಜೋಡಿಸಲು ಕಾರಣವೇನು ಎಂದು ಅರ್ಜಿದಾರರ ವಕೀಲರು ಕೇಳುವ ಪ್ರಶ್ನೆಗೆ ಈ 9 ಡಿಗ್ರಿಯೇ ಉತ್ತರ. ಅಮೆರಿಕದ ಸುಪ್ರೀಂ ಕೋರ್ಟಿನ 2007ರ ಕೆಎಸ್‌ಆರ್ ತೀರ್ಪಿನ ನಂತರ ಇಂಥ ಸಾಮಾನ್ಯ ತಿಳಿವಳಿಕೆಯ ಕಾರಣಕ್ಕೆ ಪೇಟೆಂಟ್ ಕಚೇರಿಯ ಪರೀಕ್ಷಕರ ಮುಂದೆ ಬೆಲೆ ಇದೆ.

ಈಗ ತಾಣಗಳಿಗೆ ಬರೋಣ.

ಗೂಗಲ್ ಪೇಟೆಂಟ್ಸ್ 2006ರಲ್ಲಿ ಶುರುವಾದದ್ದು. ನೂರಕ್ಕೂ ಹೆಚ್ಚು ಕಚೇರಿಗಳ ದಾಖಲೆ ಒಂದೇ ಕಡೆ ಸಿಗುತ್ತದೆ, ಬೇಕೆಂದರೆ ಸಂಶೋಧನಾ ಲೇಖನಗಳನ್ನೂ ಸೇರಿಸಿಕೊಳ್ಳಬಹುದು. ಮೊದಲ ಅರ್ಧ ಗಂಟೆಗೆ ಇದಕ್ಕಿಂತ ಒಳ್ಳೆಯ ತಾಣವಿಲ್ಲ. ಚೀನಿ, ಜಪಾನಿ ದಾಖಲೆಗಳ ಪೂರ್ಣ ಪಠ್ಯ ಇಂಗ್ಲಿಷಿನಲ್ಲೇ ಹುಡುಕಾಟಕ್ಕೆ ಸಿಗುವುದು ದೊಡ್ಡ ಅನುಕೂಲ. ಪ್ರತಿ ದಾಖಲೆಯ ಕೊನೆಯಲ್ಲಿ ಬರುವ ‘ಸಿಮಿಲರ್ ಡಾಕ್ಯುಮೆಂಟ್ಸ್’ ಪಟ್ಟಿ ಈ ವಿಷಯದಲ್ಲಿ ಆಶ್ಚರ್ಯವಾಗುವಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ.

ತೊಂದರೆ ಇರುವುದು ಪದಗಳಲ್ಲಿ. ಪೇಟೆಂಟ್ ಬರೆಯುವವರು ಕ್ಯಾಮೆರಾವನ್ನು ಕ್ಯಾಮೆರಾ ಎಂದು ಕರೆಯಬೇಕೆಂದಿಲ್ಲ. ‘ಇಮೇಜ್ ಕ್ಯಾಪ್ಚರ್ ಡಿವೈಸ್’ ಅನ್ನುತ್ತಾರೆ, ‘ಇಮೇಜಿಂಗ್ ಅಪರೇಟಸ್’ ಅನ್ನುತ್ತಾರೆ. ಟ್ಯಾಗ್ ಒಬ್ಬರಿಗೆ ‘ಬೀಕನ್’, ಇನ್ನೊಬ್ಬರಿಗೆ ‘ಟ್ರಾನ್ಸ್‌ಪಾಂಡರ್’, ಮತ್ತೊಬ್ಬರಿಗೆ ಬರೀ ‘ರಿಮೋಟ್ ಯೂನಿಟ್’. ಮೋಟಾರ್ ತಲೆ ‘ಪೊಸಿಷನರ್’ ಆಗಿರಬಹುದು, ‘ಜಿಂಬಲ್’ ಆಗಿರಬಹುದು. ಒಂದೊಂದು ಅಂಶಕ್ಕೆ ನಾಲ್ಕೈದು ಪರ್ಯಾಯ ಪದ ಬರೆದುಕೊಂಡು, ‘ಆರ್’ ಹಾಕಿ ಒಂದು ಕಂಸದಲ್ಲಿಟ್ಟು, ಎರಡು ಕಂಸಗಳ ನಡುವೆ, ಪದಗಳು ಹತ್ತಿರ ಹತ್ತಿರ ಇರಲಿ ಎನ್ನುವ ‘ನಿಯರ್’ ಆಪರೇಟರ್ ಬಳಸಿದರೆ ಕಸ ಬಹಳಷ್ಟು ಕಡಿಮೆಯಾಗುತ್ತದೆ. ಬರೀ ವಾಕ್ಯ ಬರೆದು ಎಂಟರ್ ಒತ್ತಿದರೆ ಸಿಗುವುದು ಗೂಗಲ್‌ಗೆ ಸರಿ ಅನ್ನಿಸಿದ ಕ್ರಮ ಅಷ್ಟೇ, ಅದನ್ನು ಹುಡುಕಾಟ ಮುಗಿಯಿತು ಎಂದು ನಂಬಬಾರದು.

ದಿನಾಂಕದ ಪೆಟ್ಟಿಗೆಯಲ್ಲಿ ಆಗುವ ತಪ್ಪು ಇನ್ನೂ ದುಬಾರಿ. 2013ರ ಮಾರ್ಚ್ 16ರಿಂದ ಅಮೆರಿಕದಲ್ಲಿ ಮೊದಲು ಅರ್ಜಿ ಹಾಕಿದವರಿಗೆ ಹಕ್ಕು ಎಂಬ ನಿಯಮವಿದೆ. ಈ ಕ್ಲೇಮ್‌ನ ಆದ್ಯತಾ ದಿನಾಂಕಕ್ಕಿಂತ ಮೊದಲು ಪ್ರಕಟವಾದದ್ದು ಲೆಕ್ಕಕ್ಕೆ ಬರುತ್ತದೆ, ಅದು ಎಲ್ಲರಿಗೂ ಗೊತ್ತು. ಮೊದಲು ಸಲ್ಲಿಕೆಯಾಗಿ ನಂತರ ಪ್ರಕಟವಾದ ಬೇರೆಯವರ ಅಮೆರಿಕನ್ ಅರ್ಜಿಗಳೂ, ಪಿಸಿಟಿ ಎಂಬ ಅಂತಾರಾಷ್ಟ್ರೀಯ ಒಪ್ಪಂದದಡಿ ಅಮೆರಿಕವನ್ನು ಹೆಸರಿಸಿ ಸಲ್ಲಿಸಿದ ಅರ್ಜಿಗಳೂ ಲೆಕ್ಕಕ್ಕೆ ಬರುತ್ತವೆ. ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳಿಗೆ ಪ್ರಕಟವಾಗುವುದರಿಂದ ಈ ಎರಡನೇ ಗುಂಪು ಸಣ್ಣದೇನಲ್ಲ. ಬರೀ ‘ಪಬ್ಲಿಕೇಶನ್’ ದಿನಾಂಕ ಹಾಕಿ ಹುಡುಕಿದರೆ ಇಡೀ ಗುಂಪು ಕೈತಪ್ಪುತ್ತದೆ. ಒಮ್ಮೆ ‘ಪಬ್ಲಿಕೇಶನ್’, ಇನ್ನೊಮ್ಮೆ ‘ಪ್ರಯಾರಿಟಿ’ ಹಾಕಿ ಎರಡು ಸುತ್ತು ಹುಡುಕಲೇಬೇಕು. ಜಪಾನಿನಲ್ಲಿ ಮೊದಲು ಸಲ್ಲಿಸಿ ನಂತರ ಅಮೆರಿಕಕ್ಕೆ ಬಂದ ಅರ್ಜಿಗೆ ಜಪಾನಿನ ದಿನಾಂಕವೇ ಸಿಗುತ್ತದೆ, ಆದ್ದರಿಂದ ಎರಡನೇ ಸುತ್ತು ‘ಫೈಲಿಂಗ್’ಗಿಂತ ‘ಪ್ರಯಾರಿಟಿ’ಯಲ್ಲಿ ಮಾಡುವುದೇ ಸರಿ. ಅಲ್ಲಿ ಕಾಣುವ ಆದ್ಯತಾ ದಿನಾಂಕ ಎಲ್ಲ ವಿಷಯಕ್ಕೂ ಅನ್ವಯಿಸುತ್ತದೆಂದು ಮಾತ್ರ ತಿಳಿಯಬೇಡಿ. ನಂತರ ಸೇರಿಸಿದ ವಿವರಕ್ಕೆ ನಂತರದ ದಿನಾಂಕವೇ. ಪುಟದಲ್ಲಿ ‘ಆ್ಯಕ್ಟಿವ್’, ‘ಎಕ್ಸ್‌ಪೈರ್ಡ್’ ಎಂದು ಕಾಣುವುದೂ ಅಂದಾಜು ಎಂದು ಗೂಗಲ್ಲೇ ಬರೆದುಕೊಂಡಿದೆ.

ಎಸ್ಪಾಸೆನೆಟ್ ಯೂರೋಪಿಯನ್ ಪೇಟೆಂಟ್ ಕಚೇರಿ 1998ರಿಂದ ನಡೆಸುತ್ತಿರುವ ತಾಣ. ನೋಡಲು ಸಪ್ಪೆ, ವೇಗದಲ್ಲಿ ಗೂಗಲ್‌ಗೆ ಸಾಟಿಯಲ್ಲ, ಆದರೆ ಗಂಭೀರ ಕೆಲಸ ಇಲ್ಲೇ ಆಗುವುದು. ಕಾರಣ ಒಂದೇ: ವರ್ಗೀಕರಣ. ಪೇಟೆಂಟ್‌ಗಳನ್ನು ವಿಷಯವಾರು ವಿಂಗಡಿಸುವ ಸಿಪಿಸಿ ಸಂಕೇತಗಳ ಮರವನ್ನು ಇಲ್ಲಿ ಕೊಂಬೆಕೊಂಬೆಯಾಗಿ ಬಿಡಿಸಿ ನೋಡಬಹುದು, ಟಿಕ್ ಹಾಕಿ ನೇರ ಹುಡುಕಾಟಕ್ಕೆ ಕಳಿಸಬಹುದು. ಹಿಂಬಾಲಿಸುವ ಕ್ಯಾಮೆರಾಕ್ಕೆ ತವರು ಮನೆ ಎಚ್04ಎನ್ 23/695, ಅಂದರೆ ಕ್ಯಾಮೆರಾದ ದಿಕ್ಕು ಬದಲಿಸುವ ನಿಯಂತ್ರಣ. ಗುರುತಿಸಿದ ವಸ್ತುವಿನ ಆಧಾರದ ಮೇಲೆ ನಿಯಂತ್ರಿಸುವುದಾದರೆ 23/61, ಅದರಲ್ಲೂ ಮನುಷ್ಯನ ಮುಖ ಅಥವಾ ಅಂಗ ಗುರುತಿಸಿದರೆ 23/611. ಚಿತ್ರದೊಳಗಿನ ಚಲನೆಯ ಲೆಕ್ಕ ಜಿ06ಟಿ 7/20ರ ಕೆಳಗಿದೆ, ಮೂಲೆ-ಅಂಚುಗಳನ್ನು ಹಿಡಿದು ಹಿಂಬಾಲಿಸುವುದು 7/246ರಲ್ಲಿ.

ಇಷ್ಟರಲ್ಲೇ ನಿಲ್ಲಿಸಿದರೆ ಒಳ್ಳೆಯ ದಾಖಲೆಗಳು ಕೈಗೆ ಸಿಗದೆ ಹೋಗುತ್ತವೆ. ಗುರಿಯ ಕಡೆಗೆ ತಾನಾಗಿ ತಿರುಗುವ ದಿಕ್ಕುಶೋಧಕಗಳು ಜಿ01ಎಸ್ 3/786ರಲ್ಲಿ ಕೂತಿವೆ. ಅಲ್ಲಿ ಬಹಳಷ್ಟು ಸೇನೆಯ ಬಳಕೆಯವು, ಭಾಷೆ ಬೇರೆ, ಕಾಲ ಹಿಂದಿನದು, ತತ್ತ್ವ ಮಾತ್ರ ಅದೇ. ಟ್ರೈಪಾಡ್ ತಲೆಯ ಯಂತ್ರಭಾಗ ಎಫ್16ಎಂ 11/18ರಲ್ಲಿದೆ. ಕ್ಯಾಮೆರಾ ಎಂದರೆ ಎಚ್04ಎನ್ ಎಂದು ರೂಢಿಯಾದವರು ಈ ಎರಡು ಕಡೆ ಇಣುಕುವುದೇ ಅಪರೂಪ.

ಇನ್ನೊಂದು ಎಚ್ಚರಿಕೆ. 2023ರ ಜನವರಿಯಲ್ಲಿ ಹಳೆಯ ಎಚ್04ಎನ್ 5/232ರ ಸಂಸಾರವೆಲ್ಲ ಎಚ್04ಎನ್ 23ಕ್ಕೆ ಸ್ಥಳಾಂತರವಾಯಿತು. ಹಳೆಯ ಪೇಟೆಂಟ್‌ನ ಮುಖಪುಟದಲ್ಲಿ ಅಚ್ಚಾಗಿರುವುದು 5/232, ಆದರೆ ದತ್ತಾಂಶದಲ್ಲಿ ಅದೇ ದಾಖಲೆ ಈಗ 23ರ ಕೆಳಗಿದೆ. ಮುಖಪುಟ ನೋಡಿ ಹಳೆಯ ಸಂಕೇತವನ್ನೇ ಹುಡುಕಾಟಕ್ಕೆ ಹಾಕಿದರೆ ಫಲಿತಾಂಶ ಬಡವಾಗಿರುತ್ತದೆ, ಅದನ್ನು ನೋಡಿ ಈ ಕ್ಷೇತ್ರದಲ್ಲಿ ಕೆಲಸವೇ ಆಗಿಲ್ಲ ಅನ್ನಿಸಿಬಿಡುತ್ತದೆ.

ಎಸ್ಪಾಸೆನೆಟ್‌ನ ಎರಡನೇ ಬಲ ಉಲ್ಲೇಖಗಳ ಸರಪಳಿ. ಪಾರ್ಕರ್‌ವಿಷನ್ ದಾಖಲೆಯನ್ನು ತೆರೆದು ‘ಸೈಟಿಂಗ್ ಡಾಕ್ಯುಮೆಂಟ್ಸ್’ ಒತ್ತಿದರೆ, ಅದನ್ನು ಮುಂದೆ ಯಾರು ಯಾರು ಉಲ್ಲೇಖಿಸಿದ್ದಾರೆಂಬ ಪಟ್ಟಿ ಬರುತ್ತದೆ. ಪದ ಯಾವುದೇ ಇರಲಿ, ಭಾಷೆ ಯಾವುದೇ ಇರಲಿ, ಪರೀಕ್ಷಕರು ಇಲ್ಲವೇ ಅರ್ಜಿದಾರರು ಕೈಯಾರೆ ಹಾಕಿದ ಕೊಂಡಿಗಳು ಇವು. ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ, ಎರಡು ಹೆಜ್ಜೆ ನಡೆದರೆ ಈ ವಿಷಯದ ಮುಖ್ಯ ದಾಖಲೆಗಳಲ್ಲಿ ಹೆಚ್ಚಿನವು ಕಣ್ಣಿಗೆ ಬೀಳುತ್ತವೆ. ಜಪಾನಿ ಪಠ್ಯಕ್ಕೆ ಯಂತ್ರಾನುವಾದ ಅಲ್ಲೇ ಇದೆ. ಕಚೇರಿಗೆ ಸಲ್ಲಿಸುವುದಿದ್ದರೆ ಅದನ್ನು ಚಿತ್ರಗಳ ಜತೆ ಇಟ್ಟು ಓದಿ. ‘ಹಿಂಬಾಲಿಸು’ ಎಂಬುದು ಮೋಟಾರ್ ತಿರುಗುವುದೋ, ಫೋಕಸ್ ಸರಿಯುವುದೋ ಎಂಬುದು ಅನುವಾದದಲ್ಲಿ ಕಲಸಿಹೋಗುತ್ತದೆ, ಚಿತ್ರದಲ್ಲಿ ಸ್ಪಷ್ಟವಾಗಿರುತ್ತದೆ.

ಪೇಟೆಂಟ್ ಪಬ್ಲಿಕ್ ಸರ್ಚ್ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. 2022ರಲ್ಲಿ ಬಂದ ಇದು ಹಳೆಯ ನಾಲ್ಕು ಸಾಧನಗಳ ಜಾಗ ತುಂಬಿತು. ಅಮೆರಿಕದ ದಾಖಲೆಗಳು ಮಾತ್ರ ಇವೆ, ಆದರೆ ಅವುಗಳ ಮೇಲೆ ಹಿಡಿತ ಬಹಳ ಬಿಗಿ. ‘ವಿತ್’ ಎಂದರೆ ಒಂದೇ ವಾಕ್ಯದೊಳಗೆ, ‘ಸೇಮ್’ ಎಂದರೆ ಒಂದೇ ಪ್ಯಾರಾದೊಳಗೆ. ಊಹೆ ಮತ್ತು ಜೂಮ್ ಒಂದೇ ಪ್ಯಾರಾದಲ್ಲಿ ಬರುವ ದಾಖಲೆ ಬೇಕಿದ್ದರೆ ಇದೇ ಸರಿಯಾದ ಜಾಗ. 1970ರ ದಶಕಕ್ಕಿಂತ ಹಿಂದಿನ ಪೇಟೆಂಟ್‌ಗಳ ಪಠ್ಯ ಸ್ಕ್ಯಾನ್ ಮಾಡಿ ಓದಿಸಿದ್ದು, ಅಕ್ಷರ ತಪ್ಪುಗಳಿವೆ. ಅವಕ್ಕೆ ಪದ ಬಿಟ್ಟು ಹಳೆಯ ಅಮೆರಿಕನ್ ವರ್ಗೀಕರಣ ಹಿಡಿಯಿರಿ. ವಸ್ತು ಹಿಂಬಾಲಿಸುವ ಟೆಲಿವಿಷನ್‌ಗೆ ಅಲ್ಲಿ 348/169 ಎಂಬ ಪ್ರತ್ಯೇಕ ಕಪಾಟೇ ಇದೆ. ಪರದೆಯ ವಿನ್ಯಾಸ ಹೊಸಬರಿಗೆ ಗಾಬರಿ ಹುಟ್ಟಿಸುವಂತಿದೆ, ‘ಬೇಸಿಕ್’ ಪುಟ ತೀರಾ ಬಡವಾಗಿದೆ. ಕಷ್ಟವಾದರೂ ‘ಅಡ್ವಾನ್ಸ್ಡ್’ ಕಲಿಯುವುದೇ ಮೇಲು.

ನಾಲ್ಕರಲ್ಲಿ ಹೆಚ್ಚು ಬೆಲೆಯುಳ್ಳದ್ದು, ಕಡಿಮೆ ಜನ ತೆರೆಯುವುದು ಪೇಟೆಂಟ್ ಸೆಂಟರ್. ಇದು ಹುಡುಕಾಟದ ತಾಣವಲ್ಲ, ಪ್ರಕಟವಾದ ಅರ್ಜಿಯ ಇಡೀ ಕಡತ. ಅರ್ಜಿ ಸಂಖ್ಯೆ ಹಾಕಿ ದಾಖಲೆಗಳ ಪಟ್ಟಿ ತೆರೆದರೆ ಪ್ರತಿ ಸಾಲಿನಲ್ಲಿ ಒಂದು ಸಂಕೇತ. ಸಿಟಿಎನ್‌ಎಫ್ ಎಂದರೆ ಅಂತಿಮವಲ್ಲದ ತಿರಸ್ಕಾರ, ಸಿಟಿಎಫ್‌ಆರ್ ಎಂದರೆ ಅಂತಿಮ ತಿರಸ್ಕಾರ, ಆರ್‌ಇಎಂ ಎಂದರೆ ಅರ್ಜಿದಾರರ ವಾದ, 892 ಎಂದರೆ ಪರೀಕ್ಷಕರು ಉಲ್ಲೇಖಿಸಿದ ದಾಖಲೆಗಳು. ಇವನ್ನು ಎಲ್ಲರೂ ಓದುತ್ತಾರೆ. ಓದದೇ ಬಿಡುವುದು ಎಸ್‌ಆರ್‌ಎಫ್‌ಡಬ್ಲ್ಯೂ ಮತ್ತು ಎಸ್‌ಆರ್‌ಎನ್‌ಟಿ. ಮೊದಲನೆಯದರಲ್ಲಿ ಪರೀಕ್ಷಕರು ಯಾವ ವರ್ಗಗಳಲ್ಲಿ, ಯಾವ ದಿನ ಹುಡುಕಿದರು ಎಂದಿರುತ್ತದೆ. ಎರಡನೆಯದರಲ್ಲಿ ಅವರು ಟೈಪ್ ಮಾಡಿದ ಪ್ರತಿ ಪ್ರಶ್ನೆ, ಅದಕ್ಕೆ ಬಂದ ದಾಖಲೆಗಳ ಸಂಖ್ಯೆ, ನೋಡಿದ ದತ್ತಾಂಶ, ಗಂಟೆ-ನಿಮಿಷ ಸಹಿತ.

ಈ ಹಾಳೆಯನ್ನು ನಿಧಾನವಾಗಿ ಓದಬೇಕು. ಎಚ್04ಎನ್ ಇದೆ, ಜಿ06ಟಿ ಇದೆ, ಜಿ01ಎಸ್ 3/786 ಇಲ್ಲ ಎಂದಾದರೆ ಮುಂದೆ ಎಲ್ಲಿ ಅಗೆಯಬೇಕೆಂದು ಅದೇ ಹೇಳಿತು. ‘ಟ್ಯಾಗ್’ ಹಾಕಿದ್ದಾರೆ, ‘ಬೀಕನ್’ ಹಾಕಿಲ್ಲ ಎಂದಾದರೂ ಅಷ್ಟೇ. ಪರೀಕ್ಷಕರಿಗೆ ಒಂದು ಅರ್ಜಿಗೆ ಸಿಗುವ ಸಮಯ ಸೀಮಿತ. ಅವರು ಹೋಗಲಾಗದ ಕಡೆ ಹೋಗುವುದೇ ಹೊರಗಿನವರು ಮಾಡಬಹುದಾದ ಉಪಕಾರ. ತಾಣದ ದೋಷವೆಂದರೆ ಕಡತದ ಬಹುತೇಕ ಹಾಳೆಗಳು ಚಿತ್ರರೂಪದಲ್ಲಿವೆ, ಒಳಗಿನ ಪದ ಹುಡುಕಲು ಇಳಿಸಿಕೊಂಡು ಒಸಿಆರ್ ಮಾಡಿ ಪಠ್ಯವಾಗಿಸಬೇಕು. ಕ್ಲೇಮ್‌ಗಳನ್ನು ಓದುವಾಗ ಸಿಎಲ್‌ಎಂ ಸಂಕೇತದ ಕೊನೆಯ ದಿನಾಂಕದ ಹಾಳೆಯನ್ನೇ ಹಿಡಿಯಿರಿ. ಗೂಗಲ್‌ನಲ್ಲಿ ಪ್ರಕಟವಾದ ಅರ್ಜಿಯ ಪುಟದಲ್ಲಿ ಕಾಣುವುದು ಪ್ರಕಟಣೆಯ ಕಾಲದ ಕ್ಲೇಮ್‌ಗಳು, ಅಷ್ಟರಲ್ಲಿ ಅರ್ಜಿದಾರರು ಅವನ್ನು ಎರಡು ಸಲ ತಿದ್ದಿರಬಹುದು. ತಿದ್ದಿದ ಕ್ಲೇಮ್‌ನಲ್ಲಿ ಇಲ್ಲದ ಅಂಶಕ್ಕೆ ವಾರಗಟ್ಟಲೆ ಪ್ರಯರ್ ಆರ್ಟ್ (ಮೊದಲೇ ಇದ್ದ ದಾಖಲೆ) ಹುಡುಕುವುದು ಈ ಕೆಲಸದಲ್ಲಿ ಆಗುವ ದೊಡ್ಡ ನಷ್ಟ.

ಸಿಕ್ಕಿದ್ದನ್ನು ಕಚೇರಿಗೆ ತಲುಪಿಸಲೂ ದಾರಿ ಇದೆ. 2012ರ ಸೆಪ್ಟೆಂಬರ್ 16ರಿಂದ ಮೂರನೆಯವರು ನಿಯಮ 1.290ರ ಅಡಿ ದಾಖಲೆ ಸಲ್ಲಿಸಬಹುದು. ಗಡುವು ಬಿಗಿ: ಮಂಜೂರಾತಿ ಸೂಚನೆ ಹೊರಡುವ ಮೊದಲು ಸೇರಬೇಕು. ಜತೆಗೆ, ಪ್ರಕಟಣೆಯಾಗಿ 6 ತಿಂಗಳು ಮತ್ತು ಮೊದಲ ತಿರಸ್ಕಾರದ ದಿನ, ಈ ಎರಡರಲ್ಲಿ ಯಾವುದು ತಡವೋ ಅದರೊಳಗೂ ಇರಬೇಕು. ಒಬ್ಬರ ಮೊದಲ ಸಲ್ಲಿಕೆಯಲ್ಲಿ 3 ಅಥವಾ ಅದಕ್ಕಿಂತ ಕಡಿಮೆ ದಾಖಲೆಗಳಿದ್ದರೆ ಶುಲ್ಕವಿಲ್ಲ. ನಿಯಮ ತಪ್ಪಿದ ಸಲ್ಲಿಕೆ ಕಡತಕ್ಕೆ ಸೇರುವುದೇ ಇಲ್ಲ, ತಿದ್ದಿ ಕಳಿಸಲು ಹೆಚ್ಚಿನ ಸಮಯವನ್ನೂ ಕೊಡುವುದಿಲ್ಲ. ಪ್ರತಿ ದಾಖಲೆಗೂ ಅದು ಹೇಗೆ ಸಂಬಂಧಿಸಿದೆ ಎಂಬ ಚಿಕ್ಕ ವಿವರಣೆ ಬೇಕು. ಅದರಲ್ಲಿ ‘ಈ ಕ್ಲೇಮ್ ತಿರಸ್ಕರಿಸಿ’ ಎಂದು ವಾದಿಸುವಂತಿಲ್ಲ. ಎಡಕ್ಕೆ ಕ್ಲೇಮ್‌ನ ಅಂಶ, ಬಲಕ್ಕೆ ಹಳೆಯ ದಾಖಲೆಯ ಕಾಲಂ ಮತ್ತು ಸಾಲಿನ ಸಂಖ್ಯೆ, ಚಿತ್ರದ ಭಾಗಸಂಖ್ಯೆ: ಇಷ್ಟು ಹಾಕಿದ ಕೋಷ್ಟಕವನ್ನು ಪರೀಕ್ಷಕರು ಐದು ನಿಮಿಷದಲ್ಲಿ ಮೂಲದ ಜತೆ ತಾಳೆ ನೋಡಿಕೊಳ್ಳಬಹುದು.